ಅದೇ ಅಲ್ಲ, ಅದರಂಥದು

ಬೂಜಕ್ಕ ತರಕಾರಿ ಮಾರುಕಟ್ಟೆಗೆ ಕಾಲಿಟ್ಟಳೆಂದರೆ ಸೊಪ್ಪಿನವಳು ಮೊದಲು ತನ್ನ ಬುಟ್ಟಿಯನ್ನು ತೋಳಿನಿಂದ ಬಳಸಿ ಹಿಡಿದುಕೊಳ್ಳುತ್ತಿದ್ದಳು, ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ.

“ಅಕ್ಕೋರೆ, ಸೊಪ್ಪು ತಗೊಳ್ಳೋಕೆ ಬಂದ್ರೋ, ಸೊಪ್ಪಿಗೆ ಜ್ವರ ಬಂದಿದ್ಯಾ ಅಂತ ನೋಡೋಕೆ ಬಂದ್ರೋ? ನೀವು ಹಿಂಗೆ ಒಂದೊಂದೆಲೇನೂ ಅಂಗಾತ ಮಲಗಿಸ್ತಾ ಕೂತ್ರೆ ಮಿಕ್ಕ ಗಿರಾಕಿಗಳು ಓಡೋಗ್ತಾರೆ.”

“ಅಂಗಾತ ಅಲ್ಲ ಕಣೇ, ಬೋರಲು. ನಂಗೆ ಬೆನ್ನು ನೋಡ್ಬೇಕು.”

“ನೋಡಿ, ನೋಡಿ. ನಿಮ್ಮ ಕಣ್ಣಿಗೆ ಬಿದ್ದ ಎಲೆಗೆ ಮುಖಾನೇ ಇಲ್ಲ, ಪಾಪ.”

ಸೊಪ್ಪಿನವಳು ಆಡಿದ್ದು ತಮಾಷೆಗಾದರೂ ಮಾತು ನಿಜವೇ. ಸಸ್ಯರೋಗಗಳ ಸಂಸ್ಥೆಯಲ್ಲಿ ಬೂಜಕ್ಕ ಕಪ್ಪು ಜಡೆಯವಳಾಗಿ ಕೆಲಸಕ್ಕೆ ಸೇರಿದ್ದಳು. ಆ ಜಡೆ ನರೆತು ಹೆಬ್ಬೆರಳಿನಷ್ಟು ಸಣ್ಣಗಾಗುವ ತನಕ ಅವಳು ನೋಡಿದ್ದೆಲ್ಲ ಎಲೆಗಳ ಬೆನ್ನನ್ನೇ. ಅವಳ ಪಾಲಿಗೆ ಬಂದ ರೋಗಕ್ಕೆ ಬೂಜು ತುಪ್ಪಟ ಎಂದು ಹೆಸರು. ಜನ ಅದನ್ನು ಬೂದಿ ರೋಗವೆಂದು ತಪ್ಪು ತಿಳಿದುಕೊಂಡರೆ ಅವಳಿಗೆ ಎಲ್ಲಿಲ್ಲದ ಸಿಟ್ಟು. “ಬೂದಿ ರೋಗಕ್ಕೆ ಮಾನ ಮರ್ಯಾದೆ ಇಲ್ಲ, ಎಲೆಯ ಮುಖದ ಮೇಲೇ ಬಂದು ಕೂರುತ್ತೆ. ನಮ್ಮದು ಹಾಗಲ್ಲ. ಸಂಕೋಚದ್ದು. ಬೆನ್ನ ಹಿಂದೆ ಅವಿತುಕೊಂಡಿರುತ್ತೆ” ಎನ್ನುವಳು, ಮನೆಯ ಹೆಣ್ಣುಮಗುವಿನ ವಿಷಯ ಹೇಳುವಂತೆ. ಅದು ಕಾಣುವುದೂ ಮುಂಜಾನೆಯ ತಂಪಿನಲ್ಲಿ. ಎಲೆಯಡಿ ಹಿಟ್ಟು ಚಿಮುಕಿಸಿದ ಹಾಗೆ, ಬೆಕ್ಕಿನ ಮರಿಯ ಹೊಟ್ಟೆಯ ಕೂದಲಿನ ಹಾಗೆ ಬಿಳುಪು ಎದ್ದಿರುತ್ತದೆ. ಬಿಸಿಲೇರಿದರೆ ಉದುರಿ ಮಾಯ. ಹಾಗಾಗಿ ಉಳಿದವರು ಹಲ್ಲುಜ್ಜುವ ಹೊತ್ತಿಗೆ ಅವಳು ಒದ್ದೆ ಸೀರೆಯಂಚಿನೊಂದಿಗೆ ಬೇಲಿ ಬದುಗಳಲ್ಲಿ ಅಲೆದು ಬಂದಿರುತ್ತಿದ್ದಳು.

ಸಂಸ್ಥೆಯಲ್ಲಿ ಅವಳದೊಂದು ಕೋಣೆ. ಉತ್ತರಕ್ಕೊಂದು ಕಿಟಕಿ, ಅದರಡಿ ಮೊಣಕೈ ಊರಿ ಊರಿ ಅಂಚು ಸವೆದ ಮೇಜು, ಮೇಜಿನ ಮೇಲೆ ಬಟ್ಟೆ ಹೊದ್ದು ಕೂತ ಮೈಕ್ರೋಸ್ಕೋಪು. ಗೋಡೆಯುದ್ದಕ್ಕೂ ಕಪಾಟು, ಅದರ ತುಂಬ ಕಾಗದದ ಪೊಟ್ಟಣಗಳು, ಪೊಟ್ಟಣದೊಳಗೆ ಒಣಗಿದ ಎಲೆಗಳು. ಬಣ್ಣ ಹಾಕಿ ಹಾಕಿ ಅವಳ ಬೆರಳ ತುದಿ ಯಾವಾಗಲೂ ನೀಲಿ. ಗಾಜಿನ ಪಟ್ಟಿಗಳನ್ನು ತೊಳೆಯುವವನನ್ನು ಎಲ್ಲರೂ ಗಾಜಣ್ಣ ಎನ್ನುತ್ತಿದ್ದರು. ಅವಳಿಗೆ ಬೂಜಕ್ಕ ಎಂದು ಹೆಸರಿಟ್ಟ ಪುಣ್ಯಾತ್ಮನೂ ಅವನೇ. “ನಾಳೆ ಬೂಜಕ್ಕ ಸತ್ರೂ ಅಷ್ಟೇ, ಬೋರಲು ಹಾಕಿ ಬೆನ್ನು ನೋಡಿದ ಮೇಲೇ ನಾವು ಅಳೋಕೆ ಶುರು ಮಾಡೋದು” ಎಂದು ಅವನು ನಗಿಸುತ್ತಿದ್ದ.

ಈ ಬೂಜುಗಳಿಗೆ ಒಂದು ಗುಣವುಂಟು. ಕಂಡವರ ಮನೆಗೆಲ್ಲ ಹೋಗುವ ಜಾತಿಯಲ್ಲ ಅವು. ಒಂದೊಂದು ಬೂಜಿಗೆ ಒಂದೊಂದು ಗಿಡದ ಮನೆತನ. ಹೀಗಾಗಿ ಆ ಕಸುಬಿನವರಲ್ಲಿ ಒಂದು ಅಡ್ಡದಾರಿ ರೂಢಿಯಾಗಿತ್ತು: ಗಿಡ ಯಾರ ಮನೆಯದು ಎಂದು ಗೊತ್ತಾದರೆ ಬೂಜಿನ ಹೆಸರು ಅರ್ಧ ಹೇಳಿದ ಹಾಗೆ, ಮಿಕ್ಕರ್ಧವನ್ನು ಹಳೆಯ ಪುಸ್ತಕ ಹೇಳುತ್ತದೆ. ಖಾತ್ರಿಯ ದಾರಿ ಇನ್ನೊಂದಿತ್ತು, ಆದರೆ ಅದು ದೂರದ್ದು. ಗಿಡ ಸಾಯುವ ತನಕ ಕಾಯಬೇಕು. ಸಾಯುವ ದಂಟಿನೊಳಗೆ ಬೂಜು ತನ್ನ ನಿದ್ದೆಬೀಜಗಳನ್ನು ಕಟ್ಟಿಡುತ್ತದೆ. ದುಂಡಗೆ, ದಪ್ಪ ಗೋಡೆಯ, ಜೇನುಬಣ್ಣದ ಬೀಜಗಳು. ಹೊರಗಿನ ಬಿಳುಪು ನೋಡಲು ಅಕ್ಕತಂಗಿಯರ ಹಾಗೆ ಒಂದೇ ಇದ್ದರೂ ಆ ಬೀಜಗಳು ಸುಳ್ಳು ಹೇಳುವುದಿಲ್ಲ. ಆದರೆ ಗಿಡ ಸಾಯಲಿ ಎಂದು ಕಾಯುವ ವ್ಯವಧಾನ ಯಾರಿಗಿದೆ? ರೋಗವೇನೆಂದು ಕೇಳಿಕೊಂಡು ಬರುವವರೆಲ್ಲ ಗಿಡ ಉಳಿಸಿಕೊಳ್ಳಲು ಬರುವವರು.

ಬೂಜಕ್ಕ ಮದುವೆಯಾಗಲಿಲ್ಲ. ಗಂಡು ಕೂಡಿ ಬರಲಿಲ್ಲ ಎಂದು ಬಂಧುಗಳ ಅಂಬೋಣ. “ಕೂಡಿ ಬಂದಾಗ ನಾನು ಬೇಲಿ ಹತ್ರ ಇದ್ದೆ” ಎಂದು ಅವಳದು. ಅಪ್ಪ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಶಾಲೆಗೆ ಸೇರಿಸಿ, ಕೊನೆಗೆ ಅವನಿಗೊಂದು ಹೆಣ್ಣು ನೋಡಿದವಳೂ ಅವಳೇ. ತಮ್ಮ ಹೂಗಿಡಗಳ ನರ್ಸರಿ ಇಟ್ಟುಕೊಂಡ. ರಸ್ತೆಯ ಕಡೆಗೆ ನೆರಳು ಬಲೆ ಕಟ್ಟಿದ ಚಪ್ಪರಗಳು, ನಡುವೆ ಮನೆ, ಮನೆಯ ಹಿಂದೆ ಚಿಲಕವಿರುವ ಸಣ್ಣ ಬಾಗಿಲು, ಆಚೆ ತೊರೆ. ಮಹಡಿಯ ಕೋಣೆ ಬೂಜಕ್ಕನದು, ಕೆಳಗೆ ಹಿತ್ತಿಲ ಕಡೆಯ ಕೋಣೆ ಅಮ್ಮನದು.

ಅಮ್ಮನ ನೆನಪು ಹಳೆಯ ಮಡಕೆಯ ಹಾಗೆ ಸೋರತೊಡಗಿತ್ತು. ಸೊಸೆಯನ್ನು ಯಾರೋ ನೆಂಟರವಳೆಂದು ಉಪಚರಿಸುವಳು. ಮಗನನ್ನು “ನೀವು ಯಾವಾಗ ಬಂದ್ರಿ?” ಎಂದು ಬಹುವಚನದಲ್ಲಿ ಕೇಳುವಳು. ಮಗಳನ್ನಂತೂ ತನ್ನ ಒಡಹುಟ್ಟಿದ ಅಕ್ಕನೆಂದೇ ನಂಬಿಬಿಟ್ಟಿದ್ದಳು. “ಅಕ್ಕಾ” ಎಂದು ಕರೆದರೆ ಬೂಜಕ್ಕ “ಏನೇ” ಎಂದು ಓಗೊಡುತ್ತಿದ್ದಳು. ಬರಬರುತ್ತ ಅದೂ ಅಭ್ಯಾಸವಾಯಿತು. ತನ್ನ ತಾಯಿಗೆ ತಾನೇ ಅಕ್ಕನಾಗುವ ಯೋಗ ಎಷ್ಟು ಜನಕ್ಕಿದ್ದೀತು!

ಅಮ್ಮನಿಗೆ ಉಳಿದಿದ್ದುದು ಒಂದೇ ಸಂತೋಷ. ತೊರೆಯ ದಂಡೆಯಲ್ಲಿ ಕಾಡು ಕರ್ಣಕುಂಡಲ ಮೊಣಕಾಲುದ್ದ ಬೆಳೆಯುತ್ತಿತ್ತು, ತಿಳಿನೇರಳೆ ಹೂವಿನದು. ಅದರ ಕಾಯಿ ಬಲಿತಾಗ ಬೆರಳು ತಾಕಿದರೆ ಸಾಕು, ಪಟ್ಟೆಂದು ಸುರುಳಿ ಸುತ್ತಿ ಬೀಜ ಸಿಡಿಸುತ್ತದೆ. ಅಮ್ಮ ದಿನವೂ ಹಿತ್ತಿಲ ಬಾಗಿಲಿನಿಂದ ಇಳಿದು ಹೋಗಿ ಒಂದೊಂದೇ ಕಾಯಿ ಮುಟ್ಟುವಳು. ಸಿಡಿದಾಗಲೆಲ್ಲ ಬೆಚ್ಚಿ ನಗುವಳು. ನಿನ್ನೆಯದು ಮರೆತಿರುವುದರಿಂದ ಪ್ರತಿ ದಿನವೂ ಅದು ಹೊಸ ಬೆರಗೇ. ಚಳಿ ಬಂದು ಗಿಡಗಳು ಒಣಗಿದರೂ ಅವಳು ಹೋಗುವುದು ನಿಲ್ಲುತ್ತಿರಲಿಲ್ಲ. ಒಮ್ಮೆ ಒಣ ದಂಟುಗಳನ್ನೇ ಒಂದು ಹಿಡಿ ಕಿತ್ತು ತಂದು, “ತಗೋ ಅಕ್ಕಾ, ಮುಡ್ಕೋ” ಎಂದು ಮಗಳ ಕೈಗಿಟ್ಟಳು. ಬೂಜಕ್ಕ ಅದನ್ನು ಎಸೆಯಲಾರದೆ ಸಂಸ್ಥೆಗೆ ಒಯ್ದು, ಕಾಗದದಲ್ಲಿ ಮಡಿಸಿ, ಊರೂ ದಿನವೂ ಬರೆದು ಕಪಾಟಿಗೆ ಸೇರಿಸಿದಳು. ಬಿಡಿಸಿ ನೋಡಲಿಲ್ಲ. ನೋಡಬೇಕಾದ ಪೊಟ್ಟಣಗಳೇ ರಾಶಿ ಬಿದ್ದಿದ್ದವು.

ಮರುವರ್ಷ ಮಳೆ ಹಿಡಿದ ಹೊತ್ತಿಗೆ ತಮ್ಮ ಒಂದು ಬೆಳಿಗ್ಗೆ ಮಹಡಿ ಹತ್ತಿ ಬಂದ. ಕೈಯಲ್ಲಿ ಕುಂಡ. ಅದು ತೋಟದ ಕರ್ಣಕುಂಡಲ, ಆ ವರ್ಷ ಅವನು ಹೊರಗಿನಿಂದ ಸಸಿ ತರಿಸಿ ಮೂರು ಚಪ್ಪರ ತುಂಬ ಬೆಳೆಸಿದ್ದ ಗಿಡ. ಎಲೆಗಳು ಹಳದಿಗಟ್ಟಿ ಕೆಳಮುಖವಾಗಿ ಮುದುಡಿದ್ದವು, ಅರ್ಧ ಉದುರಿ ದಂಟು ಬೆತ್ತಲೆಯಾಗಿತ್ತು. ಬೂಜಕ್ಕ ಎಲೆ ತಿರುವಿದಳು. ಬೆನ್ನು ಬೆಳ್ಳಗಿತ್ತು.

“ಏನಕ್ಕಾ ಇದು?”

“ಬೂಜು ತುಪ್ಪಟ ಕಣೋ. ಇದು ಹತ್ತಿದ್ದು ಬದುಕಲ್ಲ. ಕಿತ್ತು ಸುಟ್ಟುಬಿಡು.”

“ಮೂರು ಚಪ್ಪರ ಅಕ್ಕಾ! ಎಲ್ಲಿಂದ ಬಂತು ಇದು? ನಾನು ದೀಪ ಹಾಕಿ ಕರೆದಿದ್ನಾ?” ಎಂದು ಅವನು ತಲೆ ತಲೆ ಬಡಿದುಕೊಂಡ. ಆಮೇಲೆ ಏನೋ ಹೊಳೆದವನಂತೆ ಕೆಳಗೋಡಿ, ತೊರೆಯ ದಂಡೆಯಿಂದ ಒಂದು ಕಾಡುಗಿಡ ಕಿತ್ತು ತಂದ. ಅದರ ಎಲೆಯ ಬೆನ್ನೂ ಬೆಳ್ಳಗಿತ್ತು.

ಅವಳು ಎರಡನ್ನೂ ಸಂಸ್ಥೆಗೆ ಒಯ್ದು ನೋಡಿದಳು. ಎರಡರಲ್ಲೂ ಪುಟ್ಟ ಮರಗಳು. ಎಲೆಯ ಉಸಿರುಗಂಡಿಗಳಿಂದ ಎದ್ದ ಗಾಜಿನ ಮರಗಳು, ಲಂಬಕೋನದಲ್ಲಿ ಕವಲೊಡೆದು ತುದಿಯಲ್ಲಿ ನಿಂಬೆಹಣ್ಣಿನಂಥ ಕಣ ಹೊತ್ತವು. ಕಾಡಿನದರ ಕೊಂಬೆ ತುದಿ ಕೊಂಚ ಮೊಂಡು ಎನಿಸಿತು. ಎನಿಸಿತು ಅಷ್ಟೇ. ಒಂದೇ ಮನೆತನದ ಗಿಡಗಳು, ಪುಸ್ತಕದಲ್ಲಿ ಆ ಮನೆತನಕ್ಕೆಲ್ಲ ಒಂದೇ ಬೂಜಿನ ಹೆಸರು. ಸಂಜೆ ಮನೆಗೆ ಬಂದಾಗ ತಮ್ಮ ಬಾಗಿಲಲ್ಲೇ ನಿಂತಿದ್ದ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತವರ ಮುಖದಲ್ಲಿ.

“ಅದೇನಾ ಅಕ್ಕಾ?”

“ಅದೇ.”

“ದಂಡೆ ಮೇಲಿರೋದೂ ಅದೇನಾ? ಸರಿಯಾಗಿ ನೋಡಿದ್ಯಾ?”

“ಅದೇ ಕಣೋ.”

ಕನ್ನಡದಲ್ಲಿ ‘ಅದೇ’ ಎಂಬುದಕ್ಕೂ ‘ಅದರಂಥದು’ ಎಂಬುದಕ್ಕೂ ಎಷ್ಟು ದೂರ! ಆಡುವಾಗ ನಾಲಿಗೆಗೆ ಅದು ಗೊತ್ತಾಗುವುದಿಲ್ಲ. ಜೀವಮಾನವೆಲ್ಲ ಅಂತರವನ್ನೇ ಹುಡುಕಿ ಬದುಕಿದವಳು ಆ ಸಂಜೆ ತಮ್ಮನ ಮುಖ ನೋಡಲಾರದೆ ಚಿಕ್ಕ ಮಾತನ್ನೇ ಆರಿಸಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಾರನೆಯ ದಿನವೇ ತಮ್ಮ ಆಳುಗಳನ್ನು ಕರೆಸಿದ. ಸೇತುವೆಯಿಂದ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ತನಕ, ಕಾಯಿ ಬಲಿಯುವ ಮೊದಲೇ, ದಂಡೆಯ ಕರ್ಣಕುಂಡಲವನ್ನೆಲ್ಲ ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿಸಿದ. ಚಿಗುರಿಯಾವು ಎಂದು ಕಳೆನಾಶಕ ಹೊಡೆಸಿದ. ಅಮ್ಮ ಹಿತ್ತಿಲ ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದವಳು ಮಗಳ ಸೆರಗು ಜಗ್ಗಿದಳು.

“ಅಕ್ಕಾ, ಆ ಮಕ್ಕಳನ್ನೆಲ್ಲ ಚೀಲಕ್ಕೆ ಹಾಕ್ಕೊಂಡು ಎಲ್ಲಿಗೆ ಹೋಗ್ತಿದ್ದಾರೆ?”

“ಹುಷಾರಿಲ್ಲ ಕಣೇ ಅವಕ್ಕೆ.”

“ಹುಷಾರಿಲ್ಲ ಅಂದ್ರೆ ಸುಡ್ತಾರಾ?”

ಬೂಜಕ್ಕ ಅಮ್ಮನ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಆಮೇಲಿನದು ಹೇಳಲು ಬಾಯಿ ಬರುವುದಿಲ್ಲ, ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಮಳೆ ಜೋರಾಯಿತು. ಬೇರಿಲ್ಲದ ದಂಡೆಯ ಮಣ್ಣು ಬೆಣ್ಣೆಯ ಹಾಗೆ ಜಾರತೊಡಗಿತು. ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿರಬೇಕೆಂದು ತಮ್ಮ ಹೇಳಿದ್ದ. ಅವನ ಹೆಂಡತಿ ಒಂದು ಬೆಳಿಗ್ಗೆ ಕಸ ಚೆಲ್ಲಲು ಹೋದವಳು, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆಗೆ ಓಡಿ ಬಂದಳು. ಹಾಲು ಇಳಿಸಿ, ಒಲೆ ಒರೆಸಿ, ಚಿಲಕದ ನೆನಪಾಗಿ ತಿರುಗಿ ಹೋಗುವಷ್ಟರಲ್ಲಿ ಅಮ್ಮ ದಂಡೆಯ ಬುಡದಲ್ಲಿ ಬಿದ್ದಿದ್ದಳು. ಸೊಂಟ ಮುರಿದಿತ್ತು. ನೋವಿಗಿಂತ ಹೆಚ್ಚಾಗಿ ಅವಳ ಮುಖದಲ್ಲಿದ್ದುದು ಹುಡುಕಾಟ. ಬರಿ ಮಣ್ಣನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ಚಳಿಗಾಲ ಮುಗಿಯುವ ಮೊದಲೇ, ಅಕ್ಕನೆಂದು ತಿಳಿದವಳ ಕೈ ಹಿಡಿದುಕೊಂಡೇ ಹೋದಳು.

ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಹೆಂಡತಿಯ ಜೊತೆ ಮಾತು ಬಿಟ್ಟ. ಒಂದೇ ಸೂರು, ಒಂದೇ ಒಲೆ. ಮಾತು ಮಾತ್ರ ಅಕ್ಕನ ಮೂಲಕ.

“ಅಕ್ಕಾ, ಎರಡನೇ ಚಪ್ಪರಕ್ಕೆ ನೀರು ಬಿಡೋಕೆ ಹೇಳು ಅವಳಿಗೆ.” ಅವಳು ಅಲ್ಲೇ ನಿಂತಿರುತ್ತಿದ್ದಳು, ಕೈಗೆಟುಕುವಷ್ಟು ಹತ್ತಿರ.

“ಅತ್ತಿಗೆ, ನೀರು ಬಿಟ್ಟಾಯ್ತು ಅಂತ ಹೇಳಿ ಅವರಿಗೆ.”

“ಬಿಟ್ಟಾಯ್ತಂತೆ ಕಣೋ” ಎಂದು ಬೂಜಕ್ಕ ನಡುವೆ ಅಂಚೆಪೆಟ್ಟಿಗೆಯಾಗಿ ನಿಲ್ಲುವಳು. ಮೊದಲು ನಗು ಬರುತ್ತಿತ್ತು. ತಿಂಗಳುಗಳು ಉರುಳಿದ ಮೇಲೆ ಬರಲಿಲ್ಲ. ತಮ್ಮನ ಹೆಂಡತಿ ಒಣಗಿದ ಹಂಚಿಕಡ್ಡಿಯಂತಾದಳು. ದಿನಕ್ಕೆ ಹತ್ತಾರು ಸಲ ಹೋಗಿ ಹಿತ್ತಿಲ ಚಿಲಕ ಮುಟ್ಟಿ ಬರುತ್ತಿದ್ದಳು, ಇನ್ನು ಕಾಯಬೇಕಾದವರು ಯಾರೂ ಆ ಮನೆಯಲ್ಲಿ ಇಲ್ಲದಿದ್ದರೂ.

ಹೊಸ ಮಳೆ ಬಂತು. ತಮ್ಮ ಹೊರಗಿನಿಂದ ಹೊಸ ಸಸಿ ತರಿಸಿ ಒಂದೇ ಚಪ್ಪರದಲ್ಲಿ ಕರ್ಣಕುಂಡಲ ಇಟ್ಟ. ಅದರ ಎಲೆಗಳೂ ಹಳದಿಯಾದವು. ಬೆನ್ನೂ ಬೆಳ್ಳಗಾಯಿತು. ದಂಡೆಯ ಮೇಲೆ ಆಗ ಒಂದೇ ಒಂದು ಕಾಡುಗಿಡವಿರಲಿಲ್ಲ.

ಬೂಜಕ್ಕ ಆ ಎಲೆಯನ್ನು ಹಿಡಿದು ದಂಡೆಯ ಕಡೆ ನೋಡಿದಳು. ಕಾಡಿನಿಂದ ಬಂದದ್ದಾದರೆ ಕಾಡೇ ಇಲ್ಲದ ಮೇಲೆ ಬಂದದ್ದೆಲ್ಲಿಂದ? ಸಸಿಯ ಜೊತೆಗೇ ಬಂದಿರಬೇಕು, ಹಿಂದಿನ ವರ್ಷವೂ. ಹಾಗಾದರೆ ದಂಡೆಯ ಮೇಲಿದ್ದುದು ಏನು? ಸಂಸ್ಥೆಗೆ ಹೋದವಳೇ ಕಪಾಟು ತಡಕಿದಳು. ಅಮ್ಮ ಮುಡಿದುಕೋ ಎಂದು ಕೊಟ್ಟಿದ್ದ ಒಣ ದಂಟುಗಳ ಪೊಟ್ಟಣ ಕೈಗೆ ಬಂತು. ದಂಟನ್ನು ನೀರಿನಲ್ಲಿ ನೆನೆಸಿ, ಸೀಳಿ, ತೆಳುವಾಗಿ ಕೊಯ್ದು ಗಾಜಿನ ಮೇಲಿಟ್ಟು ಕಣ್ಣು ಹಚ್ಚಿದಳು. ಒಳಗೆ ನಿದ್ದೆಬೀಜಗಳು ಸಾಲುಗಟ್ಟಿ ಮಲಗಿದ್ದವು. ಈ ಸಲ ಚಪ್ಪರದಲ್ಲಿ ಸತ್ತ ತೋಟದ ಗಿಡದ ದಂಟಿನಲ್ಲಿ ಅವು ನುಣ್ಣಗಿದ್ದವು, ಚಿಕ್ಕವು. ಇಲ್ಲಿ ಒಂದೊಂದೂ ದೊಡ್ಡದು, ಗೋಡೆಯ ಮೇಲೆ ಸುಕ್ಕು ಸುಕ್ಕು ಮಡಿಕೆ, ಮುದುಕಿಯ ಅಂಗೈಯ ಹಾಗೆ. ಅಂದು ಕೊಂಬೆ ತುದಿ ಮೊಂಡಾಗಿ ಕಂಡದ್ದೂ ಕಣ್ಣಿನ ಭ್ರಮೆಯಾಗಿರಲಿಲ್ಲ. ಇನ್ನೂ ಖಾತ್ರಿಯಾಗಲೆಂದು ಬೇರೆ ಊರಿನ ಪ್ರಯೋಗಾಲಯದಲ್ಲಿದ್ದ ಗೆಳತಿಗೆ ಎರಡರ ಚೂರುಗಳನ್ನೂ ಕಳಿಸಿದಳು, ಡಿಎನ್‌ಎ ಓದಿ ಹೇಳಲು. ಗೆಳತಿ ಫೋನಿನಲ್ಲೇ ಕೂಗಿದಳು:

“ಲೇ, ಇದು ಅದೇ ಅಲ್ಲ ಕಣೇ! ಅದರಂಥದು ಅಷ್ಟೇ. ಯಾರೂ ಹೆಸರಿಡದೇ ಇರೋ ಜಾತಿ. ಕಾಡಿನದು ಕಾಡಿಗೇ ಸೀಮಿತ, ತೋಟಕ್ಕೆ ಹತ್ತೋದೇ ಇಲ್ಲ. ಇಷ್ಟು ವರ್ಷ ಎಲ್ಲರೂ ಒಂದೇ ಹೆಸರಲ್ಲಿ ಗುಡ್ಡೆ ಹಾಕ್ತಿದ್ವಿ. ಜೀವಮಾನದ ಕೆಲಸ ಮಾಡಿದೆ ನೀನು!”

ಸಂಸ್ಥೆಯಲ್ಲಿ ಸುದ್ದಿ ಹಬ್ಬಿತು. ವಿಭಾಗದ ಮುಖ್ಯಸ್ಥ, ಅವಳಿಗಿಂತ ಚಿಕ್ಕವನು, ಕೈ ಕುಲುಕಿದ. ಗಾಜಣ್ಣ “ಬೂಜಕ್ಕಾ, ಇನ್ಮೇಲೆ ನೀವು ಬೂಜಮ್ಮ, ಹೊಸ ಕೂಸು ಹೆತ್ತಿದ್ದೀರಿ” ಎಂದ. ಎಲ್ಲರೂ ನಕ್ಕರು. ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಜೀವಂತ ಗಿಡ ಬೇಕಲ್ಲವೇ ಎಂದು ತೊರೆಯ ಎರಡೂ ದಂಡೆ, ಮೇಲೆ ಕೆಳಗೆ, ಕಾಲು ಸೋಲುವಷ್ಟು ಅಲೆದಿದ್ದಳು. ಬೇರಿಲ್ಲದ ಮಣ್ಣನ್ನು ಮಳೆ ಬೀಜದ ಸಮೇತ ಹೊತ್ತುಕೊಂಡು ಹೋಗಿತ್ತು. ಬೇರೆಲ್ಲಾದರೂ ಇದ್ದೀತು, ಇಲ್ಲದೆಯೂ ಇದ್ದೀತು. ಅವಳು ಕಂಡ ದಂಡೆಯಲ್ಲಂತೂ ಇರಲಿಲ್ಲ. ಹೆಸರಿಡುವ ದಿನವೇ ಹೆಣ ಎತ್ತಿದ ಹಾಗಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ.

ಹೇಳದೆ ಇರಬಹುದಿತ್ತು. ಅವಳ ಬರಹ ಅಚ್ಚಾಗುವ ಪತ್ರಿಕೆಯನ್ನು ನರ್ಸರಿಯವರು ಯಾರೂ ಓದುವುದಿಲ್ಲ. ಓದಿದರೂ ತಲೆಬುಡ ತಿಳಿಯುವುದಿಲ್ಲ. ಹೇಳಿದರೆ, ತಾನು ಸುಮ್ಮನೆ ದಂಡೆ ಬೋಳಿಸಿ ಹೆತ್ತ ತಾಯಿಯ ಕಾಲ ಕೆಳಗಿನ ನೆಲ ಜಾರಿಸಿದೆ ಎಂಬುದು ತಮ್ಮನ ಎದೆಗೆ ಮೊಳೆಯಾಗಿ ಇಳಿಯುತ್ತದೆ. ಹೇಳದಿದ್ದರೆ, ಆ ಮೊಳೆ ಈಗ ಎಲ್ಲಿದೆಯೋ ಅಲ್ಲೇ, ಪರರ ಮನೆಯಿಂದ ಬಂದ ಹೆಣ್ಣಿನ ಎದೆಯಲ್ಲೇ ಉಳಿಯುತ್ತದೆ. ಬೂಜಕ್ಕ ವಾರಗಟ್ಟಲೆ ಅನ್ನದ ತಟ್ಟೆಯ ಮುಂದೆ ಕೂತು ಎದ್ದಳು. ನಾಳೆ ಹೇಳಿದರಾಯಿತು ಎನ್ನುವುದು ಅವಳಿಗೆ ಅಗುಳಿನಷ್ಟೇ ದಿನವಹಿ ಆಯಿತು.

ಒಂದು ಮಧ್ಯಾಹ್ನ ಚಪ್ಪರದಲ್ಲಿ ತಮ್ಮ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ. ಅವನ ಹೆಂಡತಿ ಜರಡಿ ಹಿಡಿದಿದ್ದಳು. ಬೂಜಕ್ಕ ಸಸಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಬೀದಿಯ ಹಸುವೊಂದು ಗೇಟಿನಲ್ಲಿ ಮೂತಿ ತೂರಿಸಿತು.

“ಅಕ್ಕಾ, ಅವಳಿಗೆ ಹೇಳು” ಎಂದ ತಮ್ಮ ತಲೆಯೆತ್ತದೆ. “ಬಾಗಿಲು ಹಾಕೋದು ಅಂತ ಒಂದಿರುತ್ತೆ ಪ್ರಪಂಚದಲ್ಲಿ. ಒಂದು ಜೀವ ಹೋದ ಮೇಲಾದ್ರೂ ಕಲೀಬಹುದು.”

ಜರಡಿ ನಿಂತಿತು. ಆ ಹೆಂಗಸು ಅಳಲಿಲ್ಲ. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿ, ಹೋಗಿ ಗೇಟು ಹಾಕಿ, ಬಂದು ಮತ್ತೆ ಜರಡಿ ಹಿಡಿದಳು. ಅದನ್ನು ನೋಡಿ ಬೂಜಕ್ಕನಿಗೆ ತಡೆಯಲಾಗಲಿಲ್ಲ.

“ಅದೇ ಅಲ್ಲ ಕಣೋ ಅದು.”

“ಯಾವುದು?”

“ದಂಡೆ ಮೇಲಿದ್ದದ್ದು. ನಿನ್ನ ಗಿಡಕ್ಕೆ ಬಂದದ್ದು ಸಸಿ ಜೊತೆ ಬಂದ ರೋಗ. ಅದು ಬೇರೆ, ಇದು ಬೇರೆ. ದಂಡೆದು ತನ್ನ ಪಾಡಿಗೆ ತಾನಿತ್ತು. ನಾನು ತಪ್ಪು ಹೇಳಿದೆ.”

ತಮ್ಮ ಕೈಯಲ್ಲಿದ್ದ ಮಣ್ಣನ್ನು ನಿಧಾನವಾಗಿ ಕುಂಡಕ್ಕೆ ಹಾಕಿದ.

“ನೀನು ಅದೇ ಅಂದಿದ್ದೆ.”

“ಅಂದಿದ್ದೆ.”

“ನಾನು ಎರಡು ಸಲ ಕೇಳಿದ್ದೆ ಅಕ್ಕಾ.”

“ಕೇಳಿದ್ದೆ. ದಂಟು ಒಣಗೋ ತನಕ ಕಾಯ್ಬೇಕಿತ್ತು ನಾನು. ಒಣಗಿದ್ದು ಕಪಾಟಲ್ಲೂ ಇತ್ತು. ನೋಡಲಿಲ್ಲ. ಬೇರು ಇದ್ದಿದ್ರೆ ದಂಡೆ ಜಾರ್ತಿರಲಿಲ್ಲ. ಚಿಲಕ ಇಲ್ದೇನೂ ಅಮ್ಮ ಎಷ್ಟು ವರ್ಷ ಅಲ್ಲಿಗೆ ಹೋಗಿ ಬಂದಿಲ್ಲ? ಇವಳನ್ನ ಬಿಡು. ಅನ್ನೋದಿದ್ರೆ ನಂಗನ್ನು.”

ತಮ್ಮನ ಹೆಂಡತಿ ಜರಡಿಯನ್ನು ಕೆಳಗಿಟ್ಟಳು. “ಚಿಲಕ ಹಾಕದೇ ಇದ್ದದ್ದು ನಾನೇ ಅಲ್ವಾ ಅತ್ತಿಗೆ? ಅದಕ್ಕೆ ಯಾವ ಬೂಜು ಏನು ಮಾಡುತ್ತೆ?” ಎಂದಳು ಮೆಲ್ಲಗೆ. ಆದರೆ ಅಷ್ಟು ದಿನ ಮೇಲೆತ್ತಿದ್ದ ಅವಳ ಹೆಗಲು ಒಂದಿಷ್ಟು ಕೆಳಗಿಳಿದದ್ದು ಬೂಜಕ್ಕನಿಗೆ ಕಾಣಿಸಿತು.

ತಮ್ಮ ಕುಂಡದ ಅಂಚು ಒರೆಸಿದ. ಆಮೇಲೆ ಎದ್ದ.

“ನೀನು ಹೇಳದೇ ಇದ್ದಿದ್ರೆ ಚೆನ್ನಾಗಿತ್ತಕ್ಕಾ. ಇವಳ ಮೇಲೆ ಸಿಟ್ಟು ಮಾಡ್ಕೊಂಡು ನಾನು ಹೆಂಗೋ ಇದ್ದೆ.”

ಆ ರಾತ್ರಿಯ ಊಟಕ್ಕೆ ಅವನು ಹೆಂಡತಿಯ ಮುಖ ನೋಡಿ, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ನೇರವಾಗಿ ಮಾತಾಡಿದ. “ಉಪ್ಪು ಕೊಡೇ” ಎಂದ. ಕೊಡುವ ಅವಸರದಲ್ಲಿ ಅವಳು ಉಪ್ಪು ಚೆಲ್ಲಿದಳು. “ಪರವಾಗಿಲ್ಲ ಬಿಡು” ಎಂದ. ಆಮೇಲೆ ಎಲ್ಲರ ನಡುವೆ ಕೂತು ಹೇಳಿದ: “ಅಕ್ಕನಿಗೆ ಬಡಿಸು, ತಟ್ಟೆ ಖಾಲಿಯಾಗಿದೆ ಅಂತ ಕಾಣುತ್ತೆ.”

ಅಕ್ಕ ಅವನ ಎದುರಿಗೇ ಇದ್ದಳು, ಕೈಗೆಟುಕುವಷ್ಟು ಹತ್ತಿರ.

ಅಂದಿನಿಂದ ಅಂಚೆಪೆಟ್ಟಿಗೆ ಬದಲಾಯಿತು. ತಮ್ಮನದು ದ್ವೇಷವಲ್ಲ, ಅವನಿಗೆ ಹಾಗೆ ಮಾಡಲು ಬರುವುದೂ ಇಲ್ಲ. ಅಕ್ಕನ ಮುಖ ಕಂಡರೆ ಅವನಿಗೆ ಚೀಲ ತುಂಬಿದ ಆ ಬೆಳಿಗ್ಗೆ ಕಣ್ಣಿಗೆ ಕಟ್ಟುತ್ತಿತ್ತು, ಅಷ್ಟೇ. ಅವಳು ಮೆಟ್ಟಿಲಿಳಿದರೆ ಅವನು ಚಪ್ಪರಕ್ಕೆ ಹೋಗುವನು, ಅವಳು ಚಪ್ಪರಕ್ಕೆ ಬಂದರೆ ಬೀದಿಗೆ. ತನ್ನದೇ ಮನೆಯಲ್ಲಿ ತಮ್ಮ ಹೀಗೆ ಅಲೆಮಾರಿಯಾಗುವುದನ್ನು ನೋಡಲಾರದೆ ಬೂಜಕ್ಕ ಸಂಸ್ಥೆಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದಳು.

ಹೊರಡುವ ದಿನ ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ಅಡ್ಡ ಕೂತಳು. “ನನ್ನ ತಲೆ ಮೇಲಿಂದ ಎತ್ತಿ ನಿಮ್ಮ ತಲೆ ಮೇಲೆ ಇಟ್ಕೊಂಡ್ರಲ್ಲಾ ಅತ್ತಿಗೆ, ನಾನು ಕೇಳಿದ್ನಾ?”

“ನಿನ್ನದಲ್ಲದ್ದನ್ನ ನೀನು ಹೊತ್ತಿದ್ದೆ. ನನ್ನದು ನಂಗೆ ಕೊಡು. ಏಳು, ದಾರಿ ಬಿಡು.”

ಟ್ರಂಕನ್ನು ತಮ್ಮನೇ ಹೊತ್ತು ತಂದು ಗಾಡಿಗೆ ಹಾಕಿದ. ಹಗ್ಗ ತಂದು ಉದ್ದಕ್ಕೊಂದು ಅಡ್ಡಕ್ಕೊಂದು ಸುತ್ತು ಬಿಗಿದ. ಗಂಟನ್ನು ಎಳೆದು ನೋಡಿದ, ಸಮಾಧಾನವಾಗದೆ ಬಿಚ್ಚಿ ಮತ್ತೆ ಕಟ್ಟಿದ. ಗಾಡಿಯವನು ಹೊತ್ತಾಯಿತೆಂದು ಗೊಣಗಿದ. ತಮ್ಮ ಗಂಟಿನ ಮೇಲೆ ಕೈಯಿಟ್ಟುಕೊಂಡೇ, ಅಕ್ಕನ ಕಡೆ ನೋಡದೆ, ಆದರೆ ಅವಳಿಗೇ ಎಂದು ಹೇಳಿದ:

“ಹಗ್ಗ ನರ್ಸರಿದು. ಬಿಚ್ಚಿ ವಾಪಸ್ ಕಳಿಸು.”

ಹೊಸ ಜಾತಿಗೆ ಹೆಸರು ಬೇಕೆಂದು ಮುಖ್ಯಸ್ಥ ಪೀಡಿಸುತ್ತಿದ್ದ. “ನಿಮ್ಮ ತಾಯಿ ಕೊಟ್ಟ ದಂಟಿನಿಂದ ಸಿಕ್ಕಿದ್ದಲ್ವಾ, ಅವರ ಹೆಸರೇ ಇಡಿ ಮೇಡಂ” ಎಂದ ಪಾಪ, ಒಳ್ಳೆಯ ಮನಸ್ಸಿನಿಂದ. “ಹೆತ್ತವಳ ಹೆಸರನ್ನ ರೋಗಕ್ಕೆ ಇಡೋಕಾಗುತ್ತೇನ್ರೀ?” ಎಂದಳು. ಕೊನೆಗೆ ಆ ಶಾಸ್ತ್ರದ ಭಾಷೆಯಲ್ಲಿ ‘ತಡವಾದದ್ದು’ ಎಂಬ ಅರ್ಥದ ಶಬ್ದವೊಂದನ್ನು ಬರೆದು ಕೊಟ್ಟಳು. ನಿದ್ದೆಬೀಜ ತಡವಾಗಿ ಕಟ್ಟುವುದರಿಂದ ಈ ಹೆಸರೆಂದು ಮುಖ್ಯಸ್ಥ ತಿಳಿದುಕೊಂಡ. ಅವಳು ಇಲ್ಲವೆನ್ನಲಿಲ್ಲ.

ಹಗ್ಗವನ್ನು ಅವಳು ಕಳಿಸಲಿಲ್ಲ. ಬಿಚ್ಚಿ, ಸುರುಳಿ ಸುತ್ತಿ, ಬಾಡಿಗೆ ಕೋಣೆಯ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ತಮ್ಮ ತನ್ನ ಸಾಮಾನು ಬಿಡುವವನಲ್ಲ, ಮೊಂಡು ಕುಡುಗೋಲಿಗೂ ನೆರೆಮನೆಯ ಬಾಗಿಲು ತಟ್ಟಿದವನು. ಕೇಳಿಕೊಂಡು ಒಂದು ದಿನ ಬಂದೇ ಬರುತ್ತಾನೆ ಎಂದುಕೊಂಡಳು. ಮಳೆ ಹೋಗಿ ಚಳಿ ಬಂತು. ಬಾಗಿಲು ತಟ್ಟಿದವರು ಹಾಲಿನವನು, ಮನೆ ಮಾಲೀಕರು, ಒಮ್ಮೆ ತಪ್ಪು ವಿಳಾಸದ ಅಂಚೆಯವನು.

ತಮ್ಮನ ಹೆಂಡತಿ ಮಾತ್ರ ಬಿಡುವಿದ್ದಾಗ ಬರುತ್ತಿದ್ದಳು. ಈಗ ಮೈಕೈ ತುಂಬಿಕೊಂಡಿದ್ದಳು, ನಗುವೂ ಬಂದಿತ್ತು. ಒಂದು ದಿನ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಬಾಗಿಲ ಹಿಂದೆ ನೋಡಿದಳು.

“ಅತ್ತಿಗೆ, ಮೊನ್ನೆ ಇವರು ಹಗ್ಗದ ವಿಷಯ ತೆಗೆದ್ರು.”

ಬೂಜಕ್ಕ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. “ಏನಂದ?”

“ನೀನು ಹೋಗ್ತಿರ್ತೀ ತಾನೇ, ಇಸ್ಕೊಂಡು ಬಾ ಅಂದ್ರು.”

“ನೀನೇನಂದೆ?”

“ಬೇಕಿದ್ರೆ ನೀವೇ ಹೋಗಿ ಇಸ್ಕೊಳ್ಳಿ ಅಂದೆ.”

“ಅದಕ್ಕೆ?”

ತಮ್ಮನ ಹೆಂಡತಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಾಗಿದಳು.

“ಅಂಗಡಿಯಿಂದ ಹೊಸದು ತಂದ್ರು” ಎಂದಳು.